ಪರ-ವಿರೋಧ: ಗಂಡು ನೊಣದ ಗೆಲುವಿಗೆ ಗಾತ್ರವೇ ಗುಟ್ಟಾ?

ಪರ: ದೊಡ್ಡವನೇ ಗೆಲ್ಲುತ್ತಾನೆ

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣ ಡ್ರೊಸೊಫಿಲ. ಅದರ ಗಂಡಿಗೆ ಮೈಗಾತ್ರವೇ ಬಂಡವಾಳ. ಹೆಣ್ಣನ್ನು ಒಲಿಸಲು ಅವನು ಬೆನ್ನು ಹತ್ತಿ ಓಡಬೇಕು. ಮುಂಗಾಲಿನಿಂದ ತಟ್ಟಬೇಕು. ಒಂದೇ ರೆಕ್ಕೆ ಚಾಚಿ, ಅದುರಿಸಿ ಹಾಡಬೇಕು. ಜಾಗಕ್ಕಾಗಿ ಬೇರೆ ಗಂಡುಗಳ ಜೊತೆ ಗುದ್ದಾಡಲೂ ಬೇಕು. ಸಣಕಲನಿಂದ ಇದೆಲ್ಲ ಆಗುತ್ತದಾ? 1980ರ ದಶಕದಲ್ಲಿ ಜೀವವಿಜ್ಞಾನಿ ಲಿಂಡಾ ಪಾರ್ಟ್ರಿಜ್ ಮತ್ತು ಸಂಗಡಿಗರು ಲ್ಯಾಬಿನಲ್ಲೂ ಬಯಲಲ್ಲೂ ನೋಡಿದರು. ಎರಡೂ ಕಡೆ ದೊಡ್ಡ ಗಂಡುಗಳದ್ದೇ ಮೇಲುಗೈ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ರವೆ, ಬೆಲ್ಲ, ಅಗರ್ ಕುದಿಸಿ ನೊಣಗಳಿಗೆ ಊಟ ಮಾಡುತ್ತಿದ್ದೆವು. ಬೆಲ್ಲದ ವಾಸನೆಗೆ ಪಕ್ಕದ ಲ್ಯಾಬಿನವರು ಪಾಯಸ ಅಂದುಕೊಂಡು ಇಣುಕುತ್ತಿದ್ದರು. ಒಂದು ಬಾಟಲಿಗೆ ಬೇಕೆಂದೇ ಮೊಟ್ಟೆ ಜಾಸ್ತಿ ಹಾಕಿದೆವು. ಮರಿಹುಳುಗಳಿಗೆ ಊಟ ಸಾಲದೆ ಪುಟಾಣಿ ಗಂಡುಗಳು ಹೊರಬಂದವು. ಅಂಥವನೊಬ್ಬನನ್ನು, ಹೊಟ್ಟೆ ತುಂಬ ತಿಂದು ಬೆಳೆದವನೊಬ್ಬನನ್ನು ಒಂದೇ ಹೆಣ್ಣಿನ ಜೊತೆ ಬಿಟ್ಟೆವು. ಸಣ್ಣವನು ಪಾಪ, ಸುತ್ತಿದ್ದೇ ಸುತ್ತಿದ್ದು. ದೊಡ್ಡವನು ಅಡ್ಡ ಬಂದರೆ ಅವನ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಗೆಳತಿ ಸಣ್ಣವನ ಪರ ಒಂದು ಟೀ ಪಂದ್ಯ ಕಟ್ಟಿದ್ದಳು. ಟೀ ನಾನು ಕುಡಿದೆ.

ಬಿಸಿಯಲ್ಲಿ ಬೆಳೆದ ನೊಣ ಕುಳ್ಳಾಗುತ್ತದೆ, ಆದರೂ ಆ ಕುಳ್ಳನೇ ಶೂರ ಅನ್ನುವವರೂ ಇದ್ದಾರೆ. ಹಾಗಾದರೆ ಬಾಟಲಿಗಳನ್ನೆಲ್ಲ ಒಲೆ ಮೇಲೆ ಇಡೋಣ ಬಿಡಿ!

ವಿರೋಧ: ಬೆಳೆದ ಬಿಸಿಯನ್ನೂ ಕೇಳಿ

ನನಗೆ ಈ ಪಕ್ಷ ಕೊಟ್ಟಿದ್ದಾರೆ, ಬರೆಯುತ್ತೇನೆ. ಒಂದೇ ಬಿಸಿಯಲ್ಲಿ ಬೆಳೆದವರ ನಡುವೆ ದೊಡ್ಡವನಿಗೆ ಅನುಕೂಲ ಜಾಸ್ತಿ, ನಿಜ. ಟೀ ಪಂದ್ಯದ ಬಗ್ಗೆ ಮಾತಾಡುವುದಿಲ್ಲ.

ಆದರೆ 18 ಡಿಗ್ರಿಯಲ್ಲಿ ಬೆಳೆದ ನೊಣ 25 ಡಿಗ್ರಿಯದ್ದಕ್ಕಿಂತ ದೊಡ್ಡದಾಗುತ್ತದೆ. ಬೆಳೆಯಲು ಹೆಚ್ಚುಕಡಿಮೆ ಎರಡು ಪಟ್ಟು ದಿನ ಬೇಕು, ಅಷ್ಟೇ. ಗಾತ್ರವೇ ಎಲ್ಲ ಅನ್ನುವುದಾದರೆ ತಂಪಿನಲ್ಲಿ ಬೆಳೆದವನೇ ಎಲ್ಲ ಕಡೆ ಗೆಲ್ಲಬೇಕು, ಅಲ್ವಾ? 1995ರಲ್ಲಿ ಕೆಲ್ಲಿ ಜಮುಡಿಯೊ, ರೇಮಂಡ್ ಹ್ಯೂಯಿ ಮತ್ತು ವಿಲಿಯಂ ಕ್ರಿಲ್ ಪ್ರಕಟಿಸಿದ ಪ್ರಯೋಗದಲ್ಲಿ ಈ ಎರಡೂ ಬಗೆಯ ಗಂಡುಗಳನ್ನು ಬೆಚ್ಚಗಿನ ಕಡೆ ಸೆಣಸಲು ಬಿಟ್ಟಿದ್ದರು. ಜಾಗ ಹಿಡಿಯುವುದರಲ್ಲಿ 25ರಲ್ಲಿ ಬೆಳೆದ ಚಿಕ್ಕವರೇ ಮುಂದಿದ್ದರು.

ಅದು ಜಾಗದ ಜಗಳ, ನೇರವಾಗಿ ಹೆಣ್ಣಿನ ಆಯ್ಕೆಯಲ್ಲ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಬಿಸಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲೂ ನಾನು ಹೇಳುತ್ತಿಲ್ಲ. 30 ಡಿಗ್ರಿ ದಾಟಿದ ಬಿಸಿಯಲ್ಲಿ ಬೆಳೆದ ಗಂಡುಗಳಿಗೆ ಮಕ್ಕಳೇ ಆಗದಿರಬಹುದು. ಒಲೆಯ ಸಲಹೆ ಕೊಟ್ಟವರು ಇದನ್ನು ಗಮನಿಸಲಿ.