ಶವಾಸನದಲ್ಲಿ ಕಣ್ಣು ಮುಚ್ಚಲೇಬೇಕಾ?

ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ತಪ್ಪು ನನ್ನದೇ ಆಗಿರುವುದರಿಂದ ಬರೆಯುವುದೇ ಸರಿ ಅನ್ನಿಸಿತು.

ನಾನು ಯೋಗ ಕಲಿಸಲು ಶುರುಮಾಡಿ ಆಗ ಆರು ವರ್ಷ ಆಗಿತ್ತು. ಕ್ಲಾಸಿಗೆ ಒಬ್ಬರು ಹೊಸದಾಗಿ ಸೇರಿದ್ದರು. ಮಾತು ಕಡಿಮೆ. ಯಾವಾಗಲೂ ಬಾಗಿಲ ಪಕ್ಕದಲ್ಲೇ, ಗೋಡೆಗೆ ಒತ್ತಿಕೊಂಡಂತೆ ಮ್ಯಾಟ್ ಹಾಸುತ್ತಿದ್ದರು. "ಮುಂದೆ ಬನ್ನಿ, ಅಲ್ಲಿ ಸೆಕೆ" ಅಂತ ಎರಡು ಮೂರು ಸಲ ಕರೆದಿದ್ದೆ. ನಕ್ಕು ಸುಮ್ಮನಾಗುತ್ತಿದ್ದರು. ಅವರು ಬಂದ ನಾಲ್ಕನೇ ದಿನವೋ ಐದನೇ ದಿನವೋ ಇರಬೇಕು. ಕೊನೆಗೆ ಶವಾಸನ. ಎಂದಿನಂತೆ ಲೈಟ್ ಆರಿಸಿದೆ, ಬಾಗಿಲು ಮುಚ್ಚಿದೆ. "ಕಣ್ಣು ಮುಚ್ಚಿ, ಮೈ ಪೂರ್ತಿ ಸಡಿಲ ಬಿಡಿ, ಏನನ್ನೂ ಹಿಡಿದಿಟ್ಟುಕೊಳ್ಳಬೇಡಿ" ಅಂತ ನನ್ನ ಶವಾಸನದ ದನಿಯಲ್ಲಿ ಹೇಳುತ್ತಾ ಮ್ಯಾಟ್‌ಗಳ ನಡುವೆ ಓಡಾಡಿದೆ. (ಯೋಗ ಟೀಚರ್‌ಗಳಿಗೆಲ್ಲ ಅಂಥದ್ದೊಂದು ದನಿ ಇರುತ್ತೆ, ನಿಮಗೆ ಗೊತ್ತಲ್ಲ.) ಅವರ ಭುಜಗಳು ಕಿವಿಯವರೆಗೆ ಏರಿ ಕೂತಿದ್ದವು. ಪಾಪ, ಎಷ್ಟು ಬಿಗಿಯಾಗಿದೆ ಅಂದುಕೊಂಡು ತಲೆಯ ಹತ್ತಿರ ಕೂತು ಎರಡೂ ಭುಜಗಳನ್ನು ಮೆಲ್ಲಗೆ ಕೆಳಕ್ಕೆ ಒತ್ತಿದೆ.

ಅವರು ಕಿರುಚಲಿಲ್ಲ. ಬೆಚ್ಚಿಬೀಳಲೂ ಇಲ್ಲ. ಅಲುಗಾಡದೆ, ಉಸಿರಿನ ಸದ್ದೂ ಇಲ್ಲದೆ ಮಲಗಿದ್ದರು. ನನಗೆ ಅದು ರಿಲ್ಯಾಕ್ಸ್ ಆದ ಹಾಗೆ ಕಂಡಿತು. ಖುಷಿಯಿಂದಲೇ ಎದ್ದು ಪಕ್ಕದ ಮ್ಯಾಟಿಗೆ ಹೋದೆ. ಕ್ಲಾಸ್ ಮುಗಿದು ಎಲ್ಲರೂ ಎದ್ದ ಮೇಲೂ ಅವರು ಮಲಗೇ ಇದ್ದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅವರು ಬಿಟ್ಟುಹೋದ ಮ್ಯಾಟ್ ಸುತ್ತಿಡಲು ಹೋದಾಗ ನೋಡಿದೆ. ಎರಡೂ ಅಂಚಿನಲ್ಲಿ ಉಗುರು ಊರಿದ ಗುರುತು. ಒಂದೊಂದು ಕಡೆಗೂ ನಾಲ್ಕು ನಾಲ್ಕು.

ಮತ್ತೆ ಅವರು ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. "ಮೇಡಂ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಅವತ್ತು ನಾನು ಆ ಹಾಲ್‌ನಲ್ಲಿ ಇರಲೇ ಇಲ್ಲ" ಅಂದರು. ಎಲ್ಲಿದ್ದರು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈ ಇಡೀ ವಿಷಯದಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಬಹುಶಃ ಅದೇ. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.)

ಯಾರಾದರೂ ಕಷ್ಟದಲ್ಲಿದ್ದಾರೆ ಅಂದರೆ ಸಾಕು, "ಯೋಗ ಮಾಡಿ, ಧ್ಯಾನ ಮಾಡಿ, ಎಲ್ಲ ಸರಿಹೋಗುತ್ತೆ" ಅಂತ ಹೇಳಿಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಹೊಡೆತ ತಿಂದವರು, ಅತ್ಯಾಚಾರಕ್ಕೆ ಒಳಗಾದವರು, ಯುದ್ಧ ನೋಡಿದವರು, ಅಪಘಾತದಲ್ಲಿ ಬದುಕಿ ಉಳಿದವರು, ಚಿಕ್ಕಂದಿನಲ್ಲಿ ಮನೆಯೊಳಗೇ ಹೆದರಿ ಬೆಳೆದವರು, ಎಲ್ಲರಿಗೂ ಒಂದೇ ಮಾತು. ಅವರಲ್ಲಿ ಕೆಲವರಿಗೆ ಮೈ ಸಡಿಲ ಬಿಡುವುದೇ ಭಯದ ವಿಷಯ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ರಿಲ್ಯಾಕ್ಸ್ ಆಗಲು ಹೋದಾಗಲೇ ಆತಂಕ ಏರುವುದನ್ನು ಮನಶ್ಶಾಸ್ತ್ರಜ್ಞರು 1983ರಲ್ಲೇ ಗುರುತಿಸಿ ಹೆಸರಿಟ್ಟಿದ್ದಾರೆ. ಯೋಚಿಸಿದರೆ ಆಶ್ಚರ್ಯವೇನಿಲ್ಲ. ಮನೆಗೆ ಒಮ್ಮೆ ಕಳ್ಳ ನುಗ್ಗಿದ ಮೇಲೆ ರಾತ್ರಿಯಿಡೀ ಎದ್ದು ಕಾಯುವವರಿಗೆ "ಬಾಗಿಲು ತೆಗೆದಿಟ್ಟು ಮಲಗಿ, ಚೆನ್ನಾಗಿ ನಿದ್ದೆ ಬರುತ್ತೆ" ಅಂದರೆ ಹೇಗಿರುತ್ತೆ? ಬಿಗಿದ ಆ ಭುಜಗಳು ಕಾವಲು ಕಾಯುತ್ತಿದ್ದವು. ನಾನು ಹೋಗಿ ಕಾವಲನ್ನೇ ಒತ್ತಿ ಕೆಳಗಿಳಿಸಿದೆ.

ಆಘಾತದ ನೆನಪು ಯಾವಾಗಲೂ ಕಥೆಯ ಹಾಗೆ ಸಾಲಾಗಿ ಉಳಿಯುವುದಿಲ್ಲ. ಎದೆಬಡಿತ, ಬೆವರು, ಗಂಟಲು ಕಟ್ಟಿದ್ದು, ಯಾವುದೋ ವಾಸನೆ, ಹಿಂದೆ ಯಾರೋ ನಿಂತ ಸದ್ದು, ಹೀಗೆ ತುಂಡು ತುಂಡಾಗಿ ಮೈಯಲ್ಲಿ ಕೂತಿರುತ್ತೆ. ರಭಸವಾಗಿ ಉಸಿರು ಹೊರಹಾಕುವ ಕಪಾಲಭಾತಿ ಮಾಡಿದಾಗ ಎದೆ ಬಡಿದುಕೊಂಡರೆ ನಮಗೆ ಅದು ವ್ಯಾಯಾಮದ ಬಡಿತ. ಅವರ ಮೈಗೆ ಅದು ಆವತ್ತಿನ ಬಡಿತ. ಕುಂಭಕದಲ್ಲಿ ಉಸಿರು ಹಿಡಿದರೆ, ಹೆದರಿ ಉಸಿರು ಹಿಡಿದ ಕ್ಷಣವೇ ವಾಪಸ್ ಬರಬಹುದು. ಇದರಲ್ಲಿ ಎರಡು ದಾರಿ ಇದೆ. ಒಂದು, ಮೈಯೆಲ್ಲ ಹೊತ್ತಿಕೊಂಡಂತಾಗುವುದು: ನಡುಕ, ಓಡಿಹೋಗಬೇಕು ಅನ್ನಿಸುವುದು. ಇನ್ನೊಂದು, ಫ್ಯೂಸ್ ಹೋದಂತಾಗುವುದು: ಮರಗಟ್ಟುವುದು, ಎಲ್ಲವೂ ದೂರ ಸರಿಯುವುದು. ಮೊದಲನೆಯದು ಯಾರಿಗಾದರೂ ಕಾಣುತ್ತೆ. ಎರಡನೆಯದು ಹೊರಗಿನಿಂದ ನೋಡಿದರೆ ಥೇಟ್ ಶಾಂತಿಯ ಹಾಗೇ ಇರುತ್ತೆ. ನಾನು ಮೋಸಹೋಗಿದ್ದು ಅಲ್ಲೇ. ಈಗ ಗಮನಿಸುತ್ತೇನೆ: ಕಣ್ಣು ತೆರೆದಿದ್ದರೂ ನೋಟ ಎಲ್ಲೂ ನಿಲ್ಲದಿರುವುದು, ಮುಖ ಬಿಳಿಚಿಕೊಳ್ಳುವುದು, ಹೆಸರು ಕರೆದರೆ ಎರಡನೇ ಸಲಕ್ಕೆ ಉತ್ತರ ಬರುವುದು, ಎಲ್ಲರೂ ಎದ್ದ ಮೇಲೂ ಏಳದಿರುವುದು.

ಇಷ್ಟು ಓದಿ ಯೋಗವೇ ಬೇಡ ಅಂದುಕೊಳ್ಳಬೇಡಿ. ಅಮೆರಿಕದ ಬೋಸ್ಟನ್ ಪ್ರದೇಶದಲ್ಲಿ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಎಂಬ ಮನೋವೈದ್ಯರು ಮತ್ತು ಡೇವಿಡ್ ಎಮರ್ಸನ್ ಎಂಬ ಯೋಗ ಶಿಕ್ಷಕರು ಆಘಾತ ಅನುಭವಿಸಿದವರಿಗಾಗಿಯೇ ಯೋಗವನ್ನು ಬದಲಿಸಿಕೊಂಡು ಕಲಿಸಿದರು. 2014ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. 64 ಮಹಿಳೆಯರು. ವರ್ಷಗಟ್ಟಲೆ ಚಿಕಿತ್ಸೆ ಪಡೆದರೂ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ಬಿಟ್ಟುಹೋಗದವರು. ಅರ್ಧ ಜನಕ್ಕೆ ವಾರಕ್ಕೆ ಒಂದು ಗಂಟೆಯಂತೆ ಹತ್ತು ವಾರ ಯೋಗ, ಉಳಿದವರಿಗೆ ಅಷ್ಟೇ ಹೊತ್ತು ಆರೋಗ್ಯದ ಬಗ್ಗೆ ತರಗತಿ. ಕೊನೆಯ ಲೆಕ್ಕಕ್ಕೆ ಸಿಕ್ಕವರಲ್ಲಿ, ಯೋಗ ಮಾಡಿದ 31 ಜನರ ಪೈಕಿ 16 ಮಂದಿಗೆ ಪಿಟಿಎಸ್‌ಡಿಯ ಲಕ್ಷಣಗಳು ರೋಗ ಅನ್ನುವ ಮಟ್ಟಕ್ಕಿಂತ ಕೆಳಗೆ ಇಳಿದಿದ್ದವು. ಇನ್ನೊಂದು ಗುಂಪಿನ 29ರಲ್ಲಿ 6 ಮಂದಿಗೆ. ಚಿಕ್ಕ ಅಧ್ಯಯನ, ನಿಜ. ಯೋಗವನ್ನು ಅಲ್ಲಿ ಚಿಕಿತ್ಸೆಯ ಬದಲಿಗೆ ಕೊಟ್ಟಿರಲಿಲ್ಲ, ಚಿಕಿತ್ಸೆಯ ಜೊತೆಗೆ ಕೊಟ್ಟಿದ್ದರು. ಇದನ್ನು ಹಂಚಿಕೊಳ್ಳುವವರು "ಯೋಗದಿಂದ ಪಿಟಿಎಸ್‌ಡಿ ಮಾಯ" ಅಂತಷ್ಟೇ ಬರೆದು ಈ ಮಾತನ್ನು ನುಂಗಿಬಿಡುತ್ತಾರೆ. ಕೋಪ ಬರುತ್ತೆ.

ಬೋಸ್ಟನ್‌ನ ಆ ಇಬ್ಬರು ಬದಲಿಸಿದ್ದರಲ್ಲಿ ನನಗೆ ಹೆಚ್ಚು ತಟ್ಟಿದ್ದು ಆಸನ ಅಲ್ಲ, ಮಾತು.

ನನ್ನ ಒಂದು ಕ್ಲಾಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನಾಚಿಕೆಯಾಯಿತು. ಎತ್ತಿ, ಇಳಿಸಿ, ಹಿಡೀರಿ, ಬಿಡಬೇಡಿ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಹಿಸಿಕೊಳ್ಳಿ. 'ರಿ' ಸೇರಿಸಿ ಮರ್ಯಾದೆ ಕೊಟ್ಟರೂ ಅಪ್ಪಣೆ ಅಪ್ಪಣೆಯೇ ಅಲ್ವಾ? ಒಮ್ಮೆ ತಮ್ಮ ಮೈ ಮೇಲೆ ತಮಗೇ ಹಕ್ಕಿಲ್ಲದಂತೆ ಮಾಡಿಸಿಕೊಂಡವರಿಗೆ ಮತ್ತೆ ಇನ್ನೊಬ್ಬರು ಬಂದು "ಬಿಡಬೇಡಿ, ಸಹಿಸಿಕೊಳ್ಳಿ" ಅನ್ನುವುದು! ಇನ್ನೊಂದು ಮಾತಂತೂ ಬಾಯಿಪಾಠವಾಗಿತ್ತು: "ಆಗದವರು ಬಾಲಾಸನಕ್ಕೆ ಹೋಗಿ." (ಮಂಡಿಯೂರಿ ಮುಂದಕ್ಕೆ ಬಾಗಿ ವಿಶ್ರಮಿಸುವ ಭಂಗಿ ಅದು.) ಹೋದವರು ಆಗದವರು ಅಂತ ಎಲ್ಲರ ಎದುರು ಮುದ್ರೆ ಒತ್ತಿದಂತೆ. ಇಷ್ಟಾದ ಮೇಲೆ ಯಾರು ಹೋಗ್ತಾರೆ?

ಈಗ 'ಬಹುದು' ಕಲಿಯುತ್ತಿದ್ದೇನೆ. "ಬೇಕಿದ್ದರೆ ಕೈ ಮೇಲೆತ್ತಬಹುದು, ಇಲ್ಲಾ ತೊಡೆಯ ಮೇಲೇ ಇರಲಿ. ಕಣ್ಣು ಮುಚ್ಚಬಹುದು, ತೆರೆದೂ ಇರಬಹುದು. ಸಾಕು ಅನ್ನಿಸಿದಾಗ ಕೆಳಗಿಳಿಸಿ." ಶುರು ಮಾಡಿದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬಂದು, "ಏನ್ ಮೇಡಂ, ಹುಷಾರಿಲ್ವಾ? ಎಲ್ಲದಕ್ಕೂ ಬಹುದು ಬಹುದು ಅಂತಿದ್ದೀರಿ" ಅಂದರು. ಮತ್ತೊಂದು ಪಾಠ ತಡವಾಗಿ ಕಲಿತೆ: ಐದಾರು ಆಯ್ಕೆ ಕೊಟ್ಟರೆ ಅದೂ ಹಿಂಸೆ. ಎರಡು ಸಾಕು. ಮತ್ತೆ, ಅವರಿಗೆ ಹೇಗನ್ನಿಸುತ್ತಿದೆ ಅನ್ನುವುದನ್ನು ನಾನು ಘೋಷಿಸಬಾರದು. "ಈಗ ನಿಮ್ಮ ಮನಸ್ಸು ಶಾಂತವಾಗಿದೆ" ಅನ್ನಲು ನಾನ್ಯಾರು?

ಮುಟ್ಟುವುದನ್ನು ಪೂರ್ತಿ ಬಿಟ್ಟಿದ್ದೇನೆ. ಕೆಲವು ಕಡೆ ಮ್ಯಾಟ್ ಪಕ್ಕ ಕಾರ್ಡ್ ಇಡುತ್ತಾರೆ, ಒಂದು ಬದಿ 'ಮುಟ್ಟಬಹುದು', ಇನ್ನೊಂದು ಬದಿ 'ಬೇಡ'. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಬೇಡ ಅಂದಿದ್ದಕ್ಕೆ ಏಟು ತಿಂದವರು ಕಾರ್ಡನ್ನೂ 'ಬಹುದು' ಬದಿಗೇ ಇಡುತ್ತಾರೆ. ಕ್ಲಾಸಿನ ಶುರುವಿನಲ್ಲಿ ಸರಿ ಅನ್ನಿಸಿದ್ದು ಅರ್ಧ ಗಂಟೆಯಲ್ಲಿ ಬದಲಾಗಲೂಬಹುದು. ನನ್ನ ಕೈ ತಾಗದಿದ್ದರೆ ಅವರ ತ್ರಿಕೋನಾಸನ ಸ್ವಲ್ಪ ಸೊಟ್ಟಗಿರುತ್ತೆ. ಇರಲಿ ಬಿಡಿ.

ಉಳಿದದ್ದು ಚಿಲ್ಲರೆ ವಿಷಯಗಳ ಹಾಗೆ ಕಾಣುತ್ತೆ, ಆದರೆ ಚಿಲ್ಲರೆ ಅಲ್ಲ. ಬಾಗಿಲು ಎಲ್ಲರಿಗೂ ಕಾಣುವಂತಿರಲಿ. ಯಾರು ಎಲ್ಲಿ ಮ್ಯಾಟ್ ಹಾಸುತ್ತಾರೋ ಅದು ಅವರಿಷ್ಟ. ಬೆನ್ನ ಹಿಂದೆ ಓಡಾಡಬಾರದು, ನಾನು ಎದ್ದು ಹೋಗಬೇಕಾದರೆ "ಕಿಟಕಿ ಹಾಕಿ ಬರ್ತೀನಿ" ಅಂತ ಮೊದಲೇ ಹೇಳಬೇಕು. ಗಾಢವಾದ ಸುವಾಸನೆ ಬೇಡ. ಕಾಲಿಗೆ ಕಟ್ಟುವ ಬೆಲ್ಟ್ ಬೇಡ. ಸೇತುಬಂಧ, ಮಾಲಾಸನದಂಥ ಕಾಲು ಅಗಲಿಸುವ, ಸೊಂಟ ಎತ್ತುವ ಆಸನಗಳನ್ನು ಕೇಳದೆ ತರುವುದಿಲ್ಲ. ಆದರೆ ಇಂತಿಂಥ ಆಸನ ನಿಷಿದ್ಧ ಅಂತ ಪಟ್ಟಿ ಕೇಳಿದರೆ ನನ್ನ ಹತ್ತಿರ ಇಲ್ಲ. ಒಬ್ಬರಿಗೆ ನರಕವಾದ ಶವಾಸನವೇ ಇನ್ನೊಬ್ಬರಿಗೆ ದಿನದಲ್ಲಿ ಸಿಗುವ ಒಂದೇ ನೆಮ್ಮದಿ. ಬೇಡವಾದವರು ಕುರ್ಚಿಯಲ್ಲಿ ಕೂರಲಿ, ಪಕ್ಕಕ್ಕೆ ತಿರುಗಿ ಮಲಗಲಿ, ಗೋಡೆಗೆ ಒರಗಲಿ.

ಉಸಿರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಥವರಿರುವ ಕ್ಲಾಸಿನಲ್ಲಿ ಕುಂಭಕ, ತಿದಿಯಂತೆ ಜೋರಾಗಿ ಉಸಿರಾಡುವ ಭಸ್ತ್ರಿಕಾ, ಕಪಾಲಭಾತಿ ಕೈಬಿಟ್ಟಿದ್ದೇನೆ. ಗಂಟಲು ಕಿರಿದು ಮಾಡಿ ಉಸಿರಾಡುವ ಉಜ್ಜಾಯಿಯ ಸದ್ದು ಕಿವಿಯ ಹತ್ತಿರ ಯಾರೋ ಏದುಸಿರು ಬಿಟ್ಟಂತೆ ಕೇಳುತ್ತೆ ಅಂತ ಒಬ್ಬರು ಹೇಳಿದ ಮೇಲೆ ಅದನ್ನೂ ಬಿಟ್ಟೆ. ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಮಾಡಿಸುತ್ತೇನೆ, ಕಣ್ಣು ಕಿವಿ ಮುಚ್ಚಿಸದೆ. ಉಸಿರು ಬಿಡುವುದನ್ನು ಎಳೆಯುವುದಕ್ಕಿಂತ ಸ್ವಲ್ಪ ನಿಧಾನ ಮಾಡುವುದು ಹಲವರಿಗೆ ಒಗ್ಗುತ್ತೆ. ಅದೂ ಒಗ್ಗದವರಿದ್ದಾರೆ. ಅವರಿಗೆ ಉಸಿರಿನ ಸುದ್ದಿಯೇ ಬೇಡ.

ಮೈಂಡ್‌ಫುಲ್‌ನೆಸ್ ಕಲಿಸುವವರು ಎಡವುವುದು ಇಲ್ಲೇ. "ಉಸಿರನ್ನು ಗಮನಿಸಿ, ಏನು ಬಂದರೂ ಸುಮ್ನೆ ನೋಡ್ತಾ ಇರಿ, ತಾನಾಗಿ ಹೋಗುತ್ತೆ." ಸಣ್ಣಪುಟ್ಟ ಸಿಟ್ಟಿಗೆ, ಕಾಲು ಜೋಮಿಗೆ ಇದು ಸರಿ. ಹಳೆಯ ಘಟನೆ ಕಣ್ಣೆದುರೇ ಮತ್ತೆ ನಡೆಯುತ್ತಿರುವವರಿಗೆ ನೋಡ್ತಾ ಇರಿ ಅನ್ನುವುದು ಬೆಂಕಿಯ ಹತ್ತಿರ ಕೂರಿಸಿದ ಹಾಗೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಧ್ಯಾನಿಗಳಿಗೆ ಎದುರಾದ ಕಷ್ಟಗಳನ್ನು ದಾಖಲಿಸಿದರು. ಭಯ, ಹಳೆಯ ಆಘಾತ ಮರುಕಳಿಸುವುದು, ತಾನೇ ತನಗೆ ಪರಕೀಯ ಅನ್ನಿಸುವುದು ಅದರಲ್ಲಿವೆ. ಹಾಗಾಗಿ ಗಮನಕ್ಕೆ ಬೇರೆ ಜಾಗ ಕೊಡಿ. ನೆಲಕ್ಕೆ ಒತ್ತಿದ ಅಂಗಾಲು, ಕುರ್ಚಿಯ ಹಿಡಿಯ ಮೇಲಿನ ಅಂಗೈ, ಹೊರಗಿನ ಸದ್ದು. ಕಣ್ಣು ತೆರೆದು, ಎರಡೇ ನಿಮಿಷ. ಮೂರನೇ ನಿಮಿಷ ನಾಳೆಗಿರಲಿ. ದಿನಗಟ್ಟಲೆ ಮೌನವಾಗಿ ಕೂರುವ ಶಿಬಿರಗಳಿಗೆ ಇವರನ್ನು ಅಟ್ಟಬೇಡಿ, ದಯವಿಟ್ಟು. ಚಿಕಿತ್ಸೆ ಕೊಡುತ್ತಿರುವವರ ಜೊತೆ ಮಾತಾಡದೆ ಹೋಗುವುದು ನನ್ನ ಪ್ರಕಾರ ದುಡುಕು.

"ಅಳು ಬಂದರೆ ಒಳ್ಳೇದೇ, ಒಳಗಿದ್ದದ್ದು ಹೊರಗೆ ಬರ್ತಿದೆ" ಅನ್ನುವ ಟೀಚರ್‌ಗಳಿದ್ದಾರೆ. ಕೆಲವೊಮ್ಮೆ ಹೌದು. ಎಷ್ಟೋ ಸಲ ಅದು ಹೊರಗೆ ಬರುತ್ತಿರುವುದಲ್ಲ, ಅವರು ಮತ್ತೆ ಒಳಗೆ ಬೀಳುತ್ತಿರುವುದು. ಆಗ ಸುತ್ತ ಗುಂಪು ಕಟ್ಟಬೇಡಿ, ತಬ್ಬಿಕೊಳ್ಳಬೇಡಿ, ಏನಾಯ್ತು ಅಂತ ಕೆದಕಬೇಡಿ. ಲೈಟ್ ಹಾಕಿ. ಶವಾಸನದ ದನಿ ಬಿಟ್ಟು ಮಾಮೂಲಿ ದನಿಯಲ್ಲಿ ಹೆಸರು ಕರೆದು, ಎಲ್ಲಿದ್ದೀರಿ, ಇವತ್ತು ಯಾವ ವಾರ ಅಂತ ನೆನಪಿಸಿ. ಕೋಣೆಯಲ್ಲಿ ಕಾಣುವ ನಾಲ್ಕೈದು ವಸ್ತು ಹೆಸರಿಸಲು ಹೇಳಿ. ಒಂದು ಲೋಟ ತಣ್ಣೀರು ಕೊಡಿ. ಹೊರಗೆ ಹೋಗುತ್ತೇನೆ ಅಂದರೆ ಹೋಗಲಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ನಾವು ಥೆರಪಿಸ್ಟ್‌ಗಳಲ್ಲ, ಆಗಲು ಹೋಗಲೂಬಾರದು. ಕೆಟ್ಟ ಕನಸು, ನಿದ್ದೆಗೇಡು, ಬದುಕೇ ಬೇಡ ಅನ್ನುವ ಯೋಚನೆ ಇದ್ದರೆ ಹೋಗಬೇಕಾದ್ದು ಮನೋವೈದ್ಯರ ಹತ್ತಿರ, ನನ್ನ ಕ್ಲಾಸಿಗಲ್ಲ.

ಇಂಥ ಅನುಭವ ನಿಮ್ಮದೇ ಆಗಿದ್ದರೆ ಒಂದು ಮಾತು. ಸೇರುವ ಮೊದಲು ಟೀಚರ್ ಹತ್ತಿರ "ನನ್ನನ್ನು ಮುಟ್ಟಬೇಡಿ, ಮಧ್ಯದಲ್ಲಿ ಎದ್ದು ಹೋದರೆ ಕೇಳಬೇಡಿ" ಅಂತ ಹೇಳಿ. ಯಾಕೆ ಅಂತ ಕಾರಣ ಕೊಡಬೇಕಿಲ್ಲ. ಅವರು ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿಕೊಳ್ಳಿ.

ಹೀಗೆಲ್ಲ ಮಾಡಿದರೆ ಶಿಸ್ತೇ ಉಳಿಯಲ್ಲ ಅಂತ ಜೊತೆಯ ಟೀಚರ್ ಒಬ್ಬರು ವಾದ ಮಾಡಿದರು. ನನ್ನ ಕ್ಲಾಸಿನಲ್ಲಿ ಈಗ ಶವಾಸನದ ಹೊತ್ತಿಗೆ ಇಬ್ಬರು ಕೂತಿರುತ್ತಾರೆ, ಒಬ್ಬರು ಕಿಟಕಿಯಾಚೆ ನೋಡುತ್ತಿರುತ್ತಾರೆ. ನೋಡಲು ಅಷ್ಟು ಚೆಂದ ಇರಲ್ಲ, ಒಪ್ಪುತ್ತೇನೆ.

ಫೋನ್ ಮಾಡಿದವರು ಈಗ ಮನೆಯಲ್ಲಿ ಕಿಟಕಿ ಪಕ್ಕ ಎರಡು ನಿಮಿಷ ತಾಡಾಸನದಲ್ಲಿ ನಿಲ್ಲುತ್ತಾರಂತೆ, ಕಣ್ಣು ತೆರೆದು. ಅಷ್ಟೇ. "ಅಷ್ಟು ಸಾಕಾಗುತ್ತೆ ಮೇಡಂ" ಅಂದರು. ಮತ್ತೆ ಕ್ಲಾಸಿಗೆ ಬರ್ತೀರಾ ಅಂತ ಕೇಳಿದೆ. "ನೋಡೋಣ" ಅಂದರು. ಇನ್ನೂ ಬಂದಿಲ್ಲ. ಬಾಗಿಲ ಪಕ್ಕ ಕೂತವರನ್ನು ಮುಂದೆ ಬನ್ನಿ ಅಂತ ನಾನೀಗ ಕರೆಯುವುದಿಲ್ಲ.