ಐಸ್ ಹಾಕಿದ ಮೇಲೆ ಎಂಥ ಪರಿಮಳ?

ನಮ್ಮ ಚಿಕ್ಕಮಗಳೂರಲ್ಲಿ ವಿಸ್ಕಿ ಹಬ್ಬ, ವಿಸ್ಕಿ ತಯಾರಿಸೋ ಡಿಸ್ಟಿಲರಿಯವರೇ ಬಂದು ರುಚಿ ನೋಡಿಸುತ್ತಾರೆ ಅಂತ ಬರೆದಿದ್ದೀರಿ. ಖುಷಿ ಆಯ್ತು. ಆದರೆ 'ಹಳೇದಾದಷ್ಟೂ ವಿಸ್ಕಿ ಒಳ್ಳೇದು' ಅನ್ನೋದು ಸ್ಕಾಟ್ಲೆಂಡಿನ ಲೆಕ್ಕ. ಅಲ್ಲಿನ ಚಳಿಗೆ, ಹಳೇದಾಗಲು ಇಟ್ಟ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಹವೆಗೆ ಶೇ 10ರ ಮೇಲೆ! ಹತ್ತು ವರ್ಷ ಇಟ್ಟರೆ ಮೂರರಲ್ಲಿ ಒಂದು ಪಾಲು ಉಳಿದರೆ ಪುಣ್ಯ. ಬಿಸಿಲಿಗೆ ಬೇಗ ಹದಕ್ಕೂ ಬರುತ್ತದೆ ಅನ್ನಿ. ಬೆಂಗಳೂರಿನ ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟನ್ನು (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ) 2004ರಲ್ಲಿ ಮೊದಲು ಮಾರಾಟಕ್ಕಿಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಧೈರ್ಯ ಅಂದರೆ ಅದು.

ಹೋದ ವರ್ಷ ಒಂದು ರೆಸಾರ್ಟಲ್ಲಿ ಇಂಥದೇ ವಿಸ್ಕಿ ರುಚಿ ನೋಡಿಸೋ ಊಟಕ್ಕೆ ಹೋಗಿದ್ದೆ. ಗ್ಲಾಸ್ ತುಂಬಾ ಐಸ್ ಸುರಿದು, 'ಪರಿಮಳ ನೋಡಿ ಸರ್' ಅಂದರು. ಮೂಗು ತಣ್ಣಗಾಯಿತು ಅಷ್ಟೇ. ಪರಿಮಳ ಬಿಡೋಕೆ ನಾಲ್ಕು ಹನಿ ನೀರು ಸಾಕಿತ್ತು. ನಂಚಿಕೊಳ್ಳಲು ಚೀಸ್, ಚಾಕೊಲೇಟ್. ಕಾಳುಮೆಣಸು ಬೆಳೆಯೋ ಊರಲ್ಲಿ ಕೂತು ಸುಮ್ನೆ ಚೀಸ್ ತಿನ್ನಬೇಕಾ? ಮೆಣಸು ಜಜ್ಜಿ ಹಾಕಿ ಹುರಿದ ಕೋಳಿ, ಕೊನೆಗೆ ಬಿಸಿ ಕಡುಬು ಇಟ್ಟಿದ್ದರೆ ಆಗಿತ್ತು, ಅಲ್ವಾ?

ಇನ್ನೊಂದು, ರಾತ್ರಿ ವಾಪಸ್ ಬಿಡಲು ಗಾಡಿ, ಡ್ರೈವರ್ ವ್ಯವಸ್ಥೆ ಇದೆಯಾ? ಕುಡಿದು ಗಿರಿ ರಸ್ತೆಯ ಮಂಜಲ್ಲಿ ಇಳಿಯೋದು ಬೇಡ.