ಅರ್ಧ ಪರಿಚಯ

ಲಾಜಾ ರಿಸ್ತೋವ್‌ಸ್ಕಿಯವರನ್ನು ಯುಗೊಸ್ಲಾವಿಯಾದ ರಾಕ್ ತಂಡವಾದ ಬಿಯೆಲೊ ದುಗ್ಮೆಯ ಕೀಬೋರ್ಡ್ ವಾದಕರೆಂದಷ್ಟೇ ಅವರ ಕುರಿತ ಲೇಖನವೊಂದು ಪರಿಚಯಿಸಿರುವುದು ಅವರಿಗೆ ಸಲ್ಲಬೇಕಾದ ನ್ಯಾಯವಲ್ಲ. 1956ರಲ್ಲಿ ನೋವಿ ಪಜಾರ್‌ನಲ್ಲಿ ಹುಟ್ಟಿದ ಅವರು ಹೆಸರು ಮಾಡಿದ್ದು ಸರ್ಬಿಯಾದ ಕ್ರಾಗುಯೆವಾತ್ಸ್ ನಗರದ ಸ್ಮಾಕ್ ಎಂಬ ರಾಕ್ ತಂಡದಲ್ಲಿ. 1975ರಲ್ಲಿ ಬಂದ ಅದರ ಮೊದಲ ಆಲ್ಬಮ್ಮಿನಲ್ಲಿ ರಾದೊಮಿರ್ ಮಿಖಾಯ್ಲೊವಿಚ್ ಅವರ ಗಿಟಾರಿಗೆ ಇವರ ಕೀಬೋರ್ಡ್ ಸರಿಸಮನಾಗಿ ಉತ್ತರ ಕೊಡುವುದನ್ನು ಕೇಳಿದವರಿಗೆ, ಮರುವರ್ಷ ತನ್ನ ಕೀಬೋರ್ಡ್ ವಾದಕ ವ್ಲಾದೊ ಪ್ರಾವ್ದಿಚ್ ಕಡ್ಡಾಯ ಸೈನಿಕ ಸೇವೆಗೆ ಹೋದಾಗ ಸರಾಯೆವೊದ ಬಿಯೆಲೊ ದುಗ್ಮೆ ಇವರನ್ನೇ ಏಕೆ ಕರೆಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಅವರು ಎರಡೂ ತಂಡಗಳಿಗೆ ಮರಳಿದರು. ಸ್ವಂತ ಆಲ್ಬಮ್ಮುಗಳನ್ನೂ ತಂದರು (ಅವುಗಳ ಪ್ರಸ್ತಾಪವೇ ಲೇಖನದಲ್ಲಿಲ್ಲ). ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ದೇಹವನ್ನು ಕುಗ್ಗಿಸಿದ್ದರೂ 2005ರಲ್ಲಿ ಸರಾಯೆವೊ, ಜಾಗ್ರೆಬ್, ಬೆಲ್‌ಗ್ರೇಡ್‌ಗಳಲ್ಲಿ ನಡೆದ ಬಿಯೆಲೊ ದುಗ್ಮೆಯ ಪುನರ್ಮಿಲನ ಕಛೇರಿಗಳಲ್ಲಿ ಅವರು ನುಡಿಸಿದರು. ಎರಡು ವರ್ಷಗಳ ನಂತರ, 2007ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.